ಸಮಸ್ಯೆ: ಇಲ್ಲದ ಕಲ್ಲನ್ನೆಡವಿದೆನು

ಮಾಟುಂಗದಿಂದ:
ಈ ವಾರದ್ದು ಆರು ಸಾಲಿನ ಶರಷಟ್ಪದಿಯ ಕೊನೆಯ ಸಾಲು, ಪ್ರಾಸ ‘ಲ್ಲ’. ಮೇಲಿನ ಐದು ಸಾಲು ಕಟ್ಟುವುದೇ ಪೂರಣ. ಇಲ್ಲದ್ದು ಕಾಲಿಗೆ ಹೇಗೆ ತಾಕೀತು? ಬಿಡಿಸಿ.

ಡೊಂಬಿವಲಿಯಿಂದ:
ಅಪರೂಪಕ್ಕೆ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಕ್ಕಿತು.

ಗಲ್ಲಿಯ ಗದ್ದಲ
ವೆಲ್ಲವು ನಿದ್ದೆಯೊ
ಳಲ್ಲಿಯೆ ಕರಗಿತು, ಕನಸೊಳಗೆ
ಹುಲ್ಲಿನ ಹಾದಿಯ
ಲೆಲ್ಲಿಯೊ ನಡೆಯುತ
ಇಲ್ಲದ ಕಲ್ಲನ್ನೆಡವಿದೆನು

ಕಾಲು ಝಾಡಿಸಿ ಎದ್ದೆ, ಕುರ್ಲಾ ಬಂದಿತ್ತು. ‘ಕನಸೊಳಗೆ’ಯ ಕಡೆಯ ಲಘು ಗುರುವೆಂದೇ ಲೆಕ್ಕ.

ಮಾಟುಂಗದಿಂದ:
‘ನಿದ್ದೆಯೊ-ಳಲ್ಲಿಯೆ’ ಎಂದು ಸಾಲು ಮುರಿದದ್ದು ಜೋಂಪು ಹತ್ತಿದ ಹಾಗೇ ಇದೆ, ಭೇಷ್! ಆದರೆ ಕನಸೆಂದರೆ ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಎಚ್ಚರದಲ್ಲೇ ಎಡವಿದವನ ಪೂರಣ ನನ್ನದು:

ಎಲ್ಲವು ಮನದೊಳೆ
ಯಲ್ಲದೆ ಹೊರಗೇ
ನಿಲ್ಲೆಂದೊರೆದೆನು ಮಳೆಯೊಳಗೆ
ಸೊಲ್ಲಿನ ನಡುವೆಯೆ
ಚೆಲ್ಲಿತು ನೆತ್ತರು
ಇಲ್ಲದ ಕಲ್ಲನ್ನೆಡವಿದೆನು

ಇದು ನಡೆದದ್ದೇ. ಸ್ಟೇಷನ್ ಬಳಿಯ ಹೂವಿನಂಗಡಿಗಳ ಮುಂದೆ, ಫುಟ್‌ಪಾತಿನಲ್ಲಿ ಎದ್ದ ಕಲ್ಲು. ಹೆಬ್ಬೆರಳಿನ ಉಗುರು ಕಿತ್ತು ನಿಂತಿತು.

ಮುಲುಂಡಿನಿಂದ:
ಪದ್ಯಕ್ಕೆ ಶರಣು ಸರ್, ಆದರೆ ನೆತ್ತರು ಚೆಲ್ಲಿದ್ದರಿಂದ ಕಲ್ಲು ಹೊರಗಿದೆ ಎಂಬ ಅದರ ವಾದ ಗಟ್ಟಿಯಲ್ಲ. ವಸ್ತುಗಳು ಮನಸ್ಸಿನ ಅನುಭವದಲ್ಲಷ್ಟೇ ಇವೆ ಎಂದ ತತ್ತ್ವಜ್ಞಾನಿ ಬರ್ಕ್ಲಿಯ ಮತವನ್ನು ಖಂಡಿಸಲು 1763ರಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಹೀಗೇ ಕಲ್ಲು ಒದ್ದರು. ಕಲ್ಲಿನ ಗಡಸು, ಬೆರಳಿನ ನೋವು ಎರಡೂ ಅನುಭವವೇ ತಾನೆ? ಅನುಭವ ಇಲ್ಲವೆಂದು ಬರ್ಕ್ಲಿ ಎಲ್ಲಿ ಹೇಳಿದ್ದರು? ನೆತ್ತರು ಕನಸಿನಲ್ಲೂ ಹರಿಯುತ್ತದೆ.

ಮಾಟುಂಗದಿಂದ:
ಒಪ್ಪಿದೆ, ನೋವು ಸಾಕ್ಷಿಯಲ್ಲ. ಆದರೆ ಆ ಕನಸಿನ ಹೋಲಿಕೆಯನ್ನು ಶಂಕರರೇ ಒಪ್ಪುವುದಿಲ್ಲ. ಬ್ರಹ್ಮಸೂತ್ರ 2.2.28, ‘ನಾಭಾವ ಉಪಲಬ್ಧೇಃ’ (ಕಾಣಸಿಗುವುದರಿಂದ ಇಲ್ಲವೆನ್ನಲಾಗದು), ಇದಕ್ಕೆ ಅವರು ಬರೆದ ಭಾಷ್ಯ ನೋಡಿ. ಅರಿವಷ್ಟೇ ಇದೆ, ಹೊರಗೆ ವಸ್ತುವಿಲ್ಲ ಎನ್ನುವ ಬೌದ್ಧ ವಿಜ್ಞಾನವಾದಿ ಹೇಗೆಂದರೆ, ಉಣ್ಣುತ್ತ, ತೃಪ್ತಿಯನ್ನೂ ಪಡುತ್ತ ‘ನಾನು ಉಣ್ಣುತ್ತಿಲ್ಲ’ ಎನ್ನುವವನ ಹಾಗೆ! ಮುಂದಿನ ಸೂತ್ರದಲ್ಲೇ ಕನಸಿನ ಮಾತು: ಕನಸಿನಲ್ಲಿ ಕಂಡದ್ದು ಎದ್ದೊಡನೆ ಬಾಧಿತ, ಅಂದರೆ ಸುಳ್ಳೆಂದು ತಿಳಿಯುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗಲ್ಲ. ಜಗತ್ತೇ ಇಲ್ಲವೆನ್ನಲು ಅವರ ಹೆಸರನ್ನು ಎಳೆತರುವವರು ಈ ಎರಡು ಸೂತ್ರಗಳನ್ನು ಓದಲೇಬೇಕು. ಡೊಂಬಿವಲಿಯವರ ಕಲ್ಲು ಕುರ್ಲಾದಲ್ಲಿ ಕರಗಿತು. ನನ್ನದು ಸಂಜೆ ಬರುವಾಗಲೂ ಅಲ್ಲೇ ಇತ್ತು.

ನನಗೆ ನಾಟಿದ್ದು ಬೇರೆ. ಹೂ ಮಾರುವಾಕೆ ಬೆರಳು ಒರೆಸಿಕೊಳ್ಳಲು ಬಾಳೆಲೆಯ ತುಂಡು ಕೊಟ್ಟು, ‘ಬೆಳಿಗ್ಗೆಯಿಂದ ನೀವು ನಾಲ್ಕನೆಯವರು’ ಎಂದರು ಮರಾಠಿಯಲ್ಲಿ. ಆ ಮೂವರು ಎಡವುವಾಗ ನಾನಿನ್ನೂ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

ಮುಲುಂಡಿನಿಂದ:
ಆಕೆಯೂ ನಿಮ್ಮ ಮನಸ್ಸಿನೊಳಗಿನವರೇ ಎಂದು ವಾದ ಹೂಡಬಹುದು. ಹೂಡಲು ಮನಸ್ಸಾಗುತ್ತಿಲ್ಲ ಸರ್. ಆ ಮೊದಲ ಮೂವರಲ್ಲಿ ಒಬ್ಬರ ಬಾಯಲ್ಲಿ ಒಂದು ಪೂರಣ ರಾತ್ರಿಯೊಳಗೆ ಕಳಿಸುತ್ತೇನೆ. ಬೆರಳು ನೆನೆಯದಂತೆ ನೋಡಿಕೊಳ್ಳಿ.