ಒಂಬತ್ತು ವರ್ಷ ನಿಂತ ಹೆರಾಲ್ಡ್: ಮೊದಲು ಯಾವುದಕ್ಕೆ ಕೈ ಹಾಕಲಿ?

ಹೊಸ ಸದಸ್ಯ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಓಡಿಸುತ್ತಿದ್ದ 1964ರ ಟ್ರಯಂಫ್ ಹೆರಾಲ್ಡ್ 1200 ಕಾರು ಈಗ ನನ್ನ ಕೈಗೆ ಬಂದಿದೆ. ಒಂಬತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಇಂಜಿನ್ ಜಾಮ್ ಆಗಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಬ್ರೇಕ್ ಪೆಡಲ್ ತುಳಿದರೆ ಸೀದಾ ಕೆಳಗೆ ಹೋಗುತ್ತದೆ. ಬಾಗಿಲ ಕೆಳಗಿನ ತಗಡು ಬೆರಳಿಟ್ಟರೆ ಪುಡಿಯಾಗುತ್ತದೆ. ಬಣ್ಣ ಮಾಸಿದೆ, ಸೀಟು ಹರಿದಿದೆ.

ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಬಾಡಿ ಎತ್ತಿ, ಶಾಸಿ (ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ ಮಾಡಿ, ಎಲ್ಲಾ ಒಂದೇ ಸಲ ಮಾಡಿಬಿಡೋಣ ಎಂದರು. ಅವರು ಹೇಳಿದ ಮೊತ್ತ ನನ್ನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ನನ್ನಿಂದ ತಿಂಗಳಿಗೆ ಸಂಬಳದ ಹತ್ತನೇ ಒಂದು ಪಾಲು ತೆಗೆದಿಡಲು ಆಗುತ್ತದೆ. ಭಾನುವಾರ ಪೂರ್ತಿ ಕೊಡಬಲ್ಲೆ. ಸ್ಪ್ಯಾನರ್ ಹಿಡಿಯಲು ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ.

ಮಾರುವ ಮಾತೇ ಇಲ್ಲ. ಈ ಗಾಡಿಯ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿಕೊಂಡು ಬೆಳೆದವನು ನಾನು. ಎಲ್ಲಿಂದ ಶುರು ಮಾಡಲಿ?

ಭಾನುವಾರದ ಸ್ಪ್ಯಾನರ್:

ಸಾಧ್ಯವಾದರೆ ಇನ್ನೊಂದು ಕೆಟ್ಟು ನಿಂತ ಹೆರಾಲ್ಡ್ ಹುಡುಕಿ ತಗೊಳ್ಳಿ. ಎರಡು ಸೇರಿಸಿ ಒಂದು ಮಾಡಬಹುದು. ಬಿಡಿಭಾಗ ಒಂದೊಂದಾಗಿ ಕೊಳ್ಳುವುದಕ್ಕಿಂತ ಅಗ್ಗ.

ಹದಿಮೂರು ಅರವತ್ತು:

ದಯವಿಟ್ಟು ಬಾಡಿ ಎತ್ತಿಸಬೇಡಿ. ಬೇರೆ ಏನು ಹೇಳುವುದಕ್ಕೂ ಮೊದಲು ಇದನ್ನು ಹೇಳಬೇಕು.

ನನ್ನ ಬಳಿ 1968ರ ಹೆರಾಲ್ಡ್ 13/60 ಹದಿನಾಲ್ಕು ವರ್ಷದಿಂದ ಇದೆ. ತಂದ ಹೊಸತರಲ್ಲಿ ಉತ್ಸಾಹ ತಡೆಯಲಾರದೆ ಪೂರ್ತಿ ಬಿಚ್ಚಿ ಹಾಕಿದೆ. ಬಿಚ್ಚಲು ಮೂರು ವಾರ ಸಾಕಾಯಿತು. ಮತ್ತೆ ಜೋಡಿಸಲು ನಾಲ್ಕು ವರ್ಷ ಹಿಡಿಯಿತು. ನಡುವೆ ದುಡ್ಡು ಮುಗಿಯಿತು. ಯಾವ ಬೋಲ್ಟು ಎಲ್ಲಿಯದು ಎಂಬುದೇ ಮರೆತುಹೋಯಿತು. ಬರಿಮೈ ಶಾಸಿಗೆ ಹೊಸ ತುಕ್ಕು ಹತ್ತಿತು. ಸ್ವಲ್ಪವಾದರೂ ಓಡುವ ಗಾಡಿಯಾದರೆ ಭಾನುವಾರ ಬೆಳಗ್ಗೆ ಅದರ ಹತ್ತಿರ ಹೋಗಲು ಮನಸ್ಸು ಬರುತ್ತದೆ. ಡಬ್ಬಗಳಲ್ಲಿ ಬಿದ್ದ ಸಾಮಾನಿನ ಹತ್ತಿರ ಹೋಗಲು ಕಾಲೇ ಏಳುವುದಿಲ್ಲ. ನಿಮ್ಮ ಗಾಡಿ ಒಟ್ಟಾಗಿ ನಿಂತಿದೆ, ಅದೇ ನಿಮ್ಮ ದೊಡ್ಡ ಆಸ್ತಿ.

ಕಡಿಮೆ ದುಡ್ಡಿದ್ದಾಗ ಮೊದಲು ಬ್ರೇಕು ಮತ್ತು ಮುಂದಿನ ಚಕ್ರಗಳ ಕೆಲಸ. ಆಮೇಲೆ ಶಾಸಿಯ ತುಕ್ಕು, ಆಮೇಲೆ ಇಂಜಿನ್. ಬಣ್ಣ, ಸೀಟು ಕಟ್ಟಕಡೆಗೆ.

ಈ ಭಾನುವಾರ ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ಹೆರಾಲ್ಡಿನ ಮುಂಭಾಗ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಗೊತ್ತಲ್ವಾ? ಹಾಗೆ ತೆರೆದು, ಮುಂದಿನ ಟೈರಿನ ಮೇಲೆ ಕುಳಿತುಕೊಳ್ಳಿ. ಆ ಗಾಡಿಯಲ್ಲಿ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಂಜಿನ್ ಬಂದ್ ಇರಲಿ. ಮನೆಯವರೊಬ್ಬರಿಗೆ ಕ್ಲಚ್ ತುಳಿದು ಬಿಡಲು ಹೇಳಿ. ಇಂಜಿನ್ನಿನ ಮುಂದಿನ ಪುಲ್ಲಿಯನ್ನೇ ನೋಡುತ್ತಿರಿ. ಕ್ಲಚ್ ತುಳಿದಾಗೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂದರೆ, ಕ್ರ್ಯಾಂಕಿನ, ಅಂದರೆ ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ಥ್ರಸ್ಟ್ ವಾಷರ್ ಸವೆದಿದೆ ಎಂದರ್ಥ. ಆ ದಂಡ ಹಿಂದೆ ಮುಂದೆ ಸರಿಯದಂತೆ ತಡೆಯುವುದು ಅದೇ. ಕ್ಲಚ್ಚಿನ ಹೈಡ್ರಾಲಿಕ್ಕೂ ಸತ್ತಿದ್ದರೆ ಪುಲ್ಲಿಯನ್ನೇ ಕೈಯಲ್ಲಿ ಹಿಂದೆ ಮುಂದೆ ತಳ್ಳಿ ನೋಡಿ. ಸವೆದದ್ದನ್ನು ಹಾಗೇ ಬಿಟ್ಟರೆ ಅರ್ಧಚಂದ್ರದ ಆ ಚಿಕ್ಕ ತುಂಡುಗಳು ಕಳಚಿ ಸಂಪಿಗೆ, ಅಂದರೆ ಇಂಜಿನ್ನಿನ ತಳದ ಎಣ್ಣೆ ತಟ್ಟೆಗೆ, ಬೀಳುತ್ತವೆ. ಆಮೇಲೆ ಕ್ರ್ಯಾಂಕು ಬ್ಲಾಕನ್ನೇ ತಿನ್ನಲು ಶುರು ಮಾಡುತ್ತದೆ. ಬೇಗ ಗೊತ್ತಾದರೆ ಇಂಜಿನ್ ಇಳಿಸುವುದೇ ಬೇಡ. ಸಂಪ್ ಬಿಚ್ಚಿ, ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ತೆಗೆದು, ಹೊಸ ವಾಷರ್ ಜಾರಿಸಿ ಸೇರಿಸಬಹುದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಟ್ರನಿಯನ್ ಬಗ್ಗೆ. ಮುಂದಿನ ಎರಡೂ ಚಕ್ರಗಳ ಕೆಳಗಡೆ ಹಿತ್ತಾಳೆ ಬಣ್ಣದ ಒಂದೊಂದು ಗಟ್ಟಿ ತುಂಡು ಇರುತ್ತದೆ. ಅದೇ ಟ್ರನಿಯನ್. ವರ್ಟಿಕಲ್ ಲಿಂಕ್ ಎನ್ನುವ ಉಕ್ಕಿನ ಕಂಬದ ಕೆಳತುದಿ ಅದರೊಳಗೆ ಮರೆಯ (ಸ್ಕ್ರೂವಿನಲ್ಲಿರುವಂಥ ಸುತ್ತುಗಳು, ಥ್ರೆಡ್) ಮೇಲೆ ಕೂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಆ ಮರೆಯ ಮೇಲೇ. ಅದಕ್ಕೆ ಹಾಕಬೇಕಾದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ನನಗಿಂತ ಮೊದಲು ಗಾಡಿ ಇಟ್ಟುಕೊಂಡಿದ್ದವರು ಪ್ರತಿ ಸರ್ವಿಸ್‌ನಲ್ಲೂ ತಪ್ಪದೆ ಗ್ರೀಸ್ ಹೊಡೆಸಿದ್ದರು. ಪಾಪ, ಒಳ್ಳೆಯದಕ್ಕೇ ಮಾಡಿಸಿದ್ದು. ಗ್ರೀಸ್ ಒಳಗೆ ಗಟ್ಟಿಯಾಗಿ ಕೂತು, ಅದರ ಹಿಂದೆ ನೀರು ನಿಂತು, ಮರೆ ಇದ್ದ ಜಾಗ ಒಳಗೊಳಗೇ ತುಕ್ಕು ತಿಂದಿತ್ತು. ಒಂದು ಸಂಜೆ ಗೇಟಿನಿಂದ ರಿವರ್ಸ್ ತೆಗೆಯುತ್ತಾ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ. ಮರದ ಕೊಂಬೆ ಮುರಿದ ಹಾಗೆ ಒಂದು ಶಬ್ದ. ಗಾಡಿಯ ಎಡ ಮೂಲೆ ಕುಸಿದು ಕೂತಿತು. ಇಳಿದು ನೋಡಿದರೆ ಚಕ್ರ ಮಡ್‌ಗಾರ್ಡಿನ ಒಳಗೆ ಮಡಚಿಕೊಂಡಿತ್ತು. ಮುರಿದ ಜಾಗದ ಮುಕ್ಕಾಲು ಪಾಲು ಕಂದು ಬಣ್ಣ, ಅಂಚಿನಲ್ಲಿ ಮಾತ್ರ ಹೊಳೆಯುವ ಹೊಸ ಉಕ್ಕು. ಅಷ್ಟೇ ಉಕ್ಕಿನ ಮೇಲೆ ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿ ಬಂದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಮುಂದಿನ ಭಾಗ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ನೇತಾಡಲು ಬಿಡಿ. ಟ್ರನಿಯನ್ನಿನ ಚಿಕ್ಕ ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಗ್ರೀಸ್ ಗನ್ ಕೂರುವ ನಿಪ್ಪಲ್ ಹಾಕಿ. ಗ್ರೀಸ್ ಗನ್ ಒಂದನ್ನು ಪೂರ್ತಿ ತೊಳೆದು, ಗೇರ್ ಆಯಿಲ್ ತುಂಬಿ, ಇದಕ್ಕೆಂದೇ ಎತ್ತಿಡಿ. ಮೇಲಿನಿಂದ ಎಣ್ಣೆ ಒಸರುವ ತನಕ ಒತ್ತಿ. ಸ್ಟಿಯರಿಂಗ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ, ಮತ್ತೆ ಒತ್ತಿ. ನಾನು ಆರು ತಿಂಗಳಿಗೊಮ್ಮೆ ಮಾಡುತ್ತೇನೆ. ಹೊಸದು ಹಾಕುವುದಾದರೆ ಎಡದ್ದು ಬಲದ್ದು ಬೇರೆ ಬೇರೆ, ಮರೆ ತಿರುಗುವ ದಿಕ್ಕೇ ಬೇರೆ. ನೋಡಿ ತಗೊಳ್ಳಿ.

ಬ್ರೇಕಿನಲ್ಲಿ ಉಳಿಸಲು ಹೋಗಬೇಡಿ. ಈ ಗಾಡಿಯಲ್ಲಿ ಇರುವುದು ಒಂದೇ ಸರ್ಕ್ಯೂಟ್. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋದ ಹಾಗೆ. ರಬ್ಬರ್ ಹೋಸ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ವಾಷರ್ ಕಿಟ್ ಎಲ್ಲಾ ಹೊಸದು. ಉಳಿಸಬಹುದಾದ್ದು ಕೂಲಿ ಮಾತ್ರ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸ್ಪ್ಯಾನರ್ ವಿಷಯ. ಇದರ ನಟ್ಟುಗಳು ಇಂಚಿನ ಅಳತೆಯವು. 13 ಎಂಎಂ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂತ ಹಾಗೆ ಕಾಣುತ್ತದೆ. ಅರ್ಧ ಇಂಚು ಅಂದರೆ 12.7, ಅಷ್ಟು ಸಡಿಲ ಸಾಕು ತುಕ್ಕು ಹಿಡಿದ ನಟ್ಟಿನ ಮೂಲೆ ಉರುಟಾಗಲು. 7/16, 1/2, 9/16 ಈ ಮೂರು ಒಳ್ಳೆಯವು ತಗೊಂಡರೆ ಮುಕ್ಕಾಲು ಕೆಲಸ ಆಗುತ್ತದೆ.

ಎರಡನೇ ಗಾಡಿ ತಗೊಳ್ಳಿ ಎಂದವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಜಾಗ ಬೇಕು, ಅದರಲ್ಲೂ ಇದೇ ಭಾಗಗಳು ಸವೆದಿರುತ್ತವೆ. ಅದರ ಬದಲು ಹೆರಾಲ್ಡಿನ ನೆಂಟರನ್ನು ತಿಳಿದುಕೊಳ್ಳಿ. ಟ್ರಯಂಫ್ ಸ್ಪಿಟ್‌ಫೈರ್ ಕಾರು ಇದರ ಶಾಸಿಯಿಂದಲೇ ಹುಟ್ಟಿದ್ದು, 1980ರ ತನಕ ತಯಾರಾಯಿತು. ಮುಂದಿನ ಸಸ್ಪೆನ್ಷನ್ನಿನ ಬಹಳಷ್ಟು ಭಾಗ ಎರಡಕ್ಕೂ ಹೊಂದುತ್ತದೆ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾದ ಹೆರಾಲ್ಡೂ ಇದೇ ಮನೆತನದ್ದು. ಅಂಗಡಿಯಲ್ಲಿ ಹೆರಾಲ್ಡ್ ಅಂತ ಮಾತ್ರ ಕೇಳಿದರೆ ಇಲ್ಲ ಅನ್ನುತ್ತಾರೆ. ಪಾರ್ಟ್ ನಂಬರ್ ಹಿಡಿದು ಕೇಳಿ.

ವೆಲ್ಡಿಂಗ್ ಕೈ:

ಮೇಲಿನವರು ಹೇಳಿದ್ದು ಸರಿ. ತುಕ್ಕಿನ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಬಾಗಿಲ ಕೆಳಗಿನ ತಗಡು ಪುಡಿಯಾಗಿದೆ ಎಂದು ಹೆದರಬೇಡಿ. ಹೆರಾಲ್ಡಿನಲ್ಲಿ ಅದು ಬೋಲ್ಟ್ ಹಾಕಿ ಕೂರಿಸಿದ ಹೊದಿಕೆ ಅಷ್ಟೇ, ಭಾರ ಹೊರುವುದಿಲ್ಲ. ಅದರ ಹಿಂದೆ ಕೈ ಹಾಕಿ ನೋಡಿ. ಶಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳಿವೆ, ಔಟ್‌ರಿಗರ್ ಅನ್ನುತ್ತಾರೆ. ಬಾಡಿ ಕೂತಿರುವುದು ಅವುಗಳ ಮೇಲೆ. ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಸರಿ, ಬೊದ್ದು ಸದ್ದು ಬಂದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರಿನ ಗುಂಡು) ಕೂತಿರುವ ಜಾಗದ ಸುತ್ತಲೂ ಮರೆಯದೆ ತಟ್ಟಿ.

ಬಾಡಿ ಮೇಲಿರುವಾಗಲೇ, ಬಾಗಿಲು ಮುಚ್ಚಿಕೊಂಡೇ, ಒಂದು ಸಲಕ್ಕೆ ಒಂದೇ ಔಟ್‌ರಿಗರ್ ಕತ್ತರಿಸಿ ಬದಲಿಸಿ. ಎಲ್ಲಾ ಒಟ್ಟಿಗೆ ಕತ್ತರಿಸಿದರೆ ಬಾಡಿ ಜಗ್ಗುತ್ತದೆ, ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಹಳೇದನ್ನು ಬಿಚ್ಚುವುದು, ವೈರ್ ಬ್ರಷ್ ಹಾಕಿ ಹೊಳೆಯುವ ತಗಡು ಕಾಣುವಂತೆ ಉಜ್ಜುವುದು, ತುಕ್ಕು ತಡೆಯುವ ರೆಡ್ಡು (ರೆಡ್ ಆಕ್ಸೈಡ್ ಬಣ್ಣ) ಹೊಡೆಯುವುದು, ಇವೆಲ್ಲ ನೀವೇ ಮಾಡಿ. ವೆಲ್ಡರ್‌ಗೆ ವೆಲ್ಡಿಂಗಿನ ಎರಡು ಗಂಟೆ ಮಾತ್ರ ಕೊಡಿ. ನಮ್ಮ ಬಿಲ್ಲಿನಲ್ಲಿ ಅರ್ಧ ಇರುವುದು ಉಜ್ಜುವ ಕೂಲಿಯೇ. ಬೆಂಕಿ ಹಚ್ಚುವ ಮೊದಲು ಬ್ಯಾಟರಿ ಬಿಚ್ಚಿ, ಡಿಕ್ಕಿಯಲ್ಲಿರುವ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಹೊಸ ಸದಸ್ಯ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ನಿನ್ನೆ ಪೂರ್ತಿ ಗಾಡಿಯ ಹತ್ತಿರವೇ ಇದ್ದೆ.

ಅಕ್ಕ ಕ್ಲಚ್ ತುಳಿದರು, ನಾನು ಟೈರಿನ ಮೇಲೆ ಕೂತು ಪುಲ್ಲಿ ನೋಡಿದೆ. ಅಲುಗಾಡಲಿಲ್ಲ. ಸುತ್ತಿಗೆಯಿಂದ ತಟ್ಟಿ ನಾಲ್ಕು ಕಡೆ ಸೀಮೆಸುಣ್ಣ ಹಾಕಿದ್ದೇನೆ. ನಾಲ್ಕೂ ಔಟ್‌ರಿಗರ್‌ನಲ್ಲೇ, ಡಿಫರೆನ್ಷಿಯಲ್ ಹತ್ತಿರ ಗಟ್ಟಿ ಇದೆ.

ಟ್ರನಿಯನ್‌ಗೆ ಎಣ್ಣೆ ಒತ್ತಿದೆ. ಬಲಗಡೆ ಕಪ್ಪು ಎಣ್ಣೆ ಬಂತು, ಆಮೇಲೆ ಚೊಕ್ಕ ಎಣ್ಣೆ. ಎಡಗಡೆ ಮೊದಲು ಏನೂ ಬರಲಿಲ್ಲ. ತುಂಬಾ ಒತ್ತಿದ ಮೇಲೆ ಮೇಣದಂತೆ ಗಟ್ಟಿಯಾದ ಗ್ರೀಸ್, ಅದರ ಹಿಂದೆ ಕೆಂಪು ನೀರು ತೊಟ್ಟಿಕ್ಕಿತು. ಕೊನೆಗೆ ಒಳ್ಳೆ ಎಣ್ಣೆಯೇ ಬಂತು. ಇಷ್ಟು ಸಾಕಾ?

ಹದಿಮೂರು ಅರವತ್ತು:

ಬಲಗಡೆಗೆ ಸಾಕು. ಎಡಗಡೆಗೆ ಸಾಲದು. ಕೆಂಪು ನೀರು ಬಂತು ಅಂದರೆ ಅಲ್ಲಿ ಆಗಬೇಕಾದ ಹಾನಿ ಆಗಿರಬಹುದು, ಎಣ್ಣೆ ಹಾಕಿದರೆ ಅದು ವಾಪಸ್ ಹೋಗುವುದಿಲ್ಲ. ಎಡಗಡೆಯ ಲಿಂಕ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮರೆ ಶುರುವಾಗುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ಉಗುರು ಎಲ್ಲಾದರೂ ಗುಳಿಗೆ ಸಿಕ್ಕಿಕೊಂಡರೆ ಆ ಲಿಂಕ್ ಇನ್ನು ಬೇಡ. ನಿಮ್ಮ ಮೊದಲ ತಿಂಗಳ ದುಡ್ಡು ಅದಕ್ಕೇ ಹೋಗಲಿ. ಬಿಚ್ಚುವ ಮೊದಲು ಕಾಯಿಲ್ ಸ್ಪ್ರಿಂಗ್ ಒತ್ತಿ ಕಟ್ಟುವ ಕ್ಲ್ಯಾಂಪ್ ಯಾರ ಹತ್ತಿರವಾದರೂ ಇಸ್ಕೊಳ್ಳಿ. ಆ ಸ್ಪ್ರಿಂಗ್ ಚಿಮ್ಮಿದರೆ ಕೈ ಉಳಿಯುವುದಿಲ್ಲ. ಅಲ್ಲಿಯ ತನಕ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಲೂ ಬೇಡಿ.

ತೊಳೆದ ಮೇಲೆ ಹತ್ತಿರದಿಂದ ಒಂದು ಫೋಟೋ ಹಾಕಿ, ನಾನು ನೋಡುತ್ತೇನೆ.