ಬ್ಯಾಟರಿಯ ಮೇಲೆ ಮನೆಯ ಆಂಪ್ಲಿಫೈಯರ್: ತಂತ್ರಜ್ಞರನ್ನು ಕೇಳಿ

ಪ್ರಶ್ನೆ: ಚಾನೆಲ್‌ಗೆ 50 ವ್ಯಾಟ್‌ನ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ನನ್ನಲ್ಲಿದೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಬ್ಯಾಟರಿಗೆ ಸಣ್ಣ ಇನ್ವರ್ಟರ್ ಜೋಡಿಸಿದರೆ ಎಷ್ಟು ಹೊತ್ತು ಹಾಡು ಕೇಳಬಹುದು?

ಉತ್ತರ (ಆಡಿಯೊ ತಂತ್ರಜ್ಞ): ಒಂದು ಗಂಟೆ ದಾಟಿದರೆ ಪುಣ್ಯ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್-ಗಂಟೆ. ಲೆಡ್-ಆಸಿಡ್ ಬಹುಕಾಲ ಬಾಳಬೇಕಾದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಅಂದರೆ ಕೈಗೆ ಸಿಗುವುದು 42. ಹಳೆಯ ಕ್ಲಾಸ್ ಎಬಿ (ಟ್ರಾನ್ಸಿಸ್ಟರುಗಳಲ್ಲಿ ಸದಾ ಸ್ವಲ್ಪ ಕರೆಂಟ್ ಹರಿಯುವ ವಿನ್ಯಾಸ) ಆಂಪ್ಲಿಫೈಯರ್ ಹಾಡೇ ಇಲ್ಲದೆ ಸುಮ್ಮನೆ ಕುಳಿತಾಗಲೂ ಸುಲಭವಾಗಿ 30 ವ್ಯಾಟ್ ನುಂಗಬಲ್ಲದು. ಇನ್ವರ್ಟರ್‌ನ ಸ್ವಂತ ಖರ್ಚು ಬೇರೆ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವುದು, ಆಂಪ್ಲಿಫೈಯರ್ ಅದನ್ನೇ ಮತ್ತೆ ಡಿಸಿ ಮಾಡಿಕೊಳ್ಳುವುದು: ಎರಡು ಕಡೆ ಸುಂಕ ಕಟ್ಟಿದಂತೆ. ಅಗ್ಗದ ಇನ್ವರ್ಟರ್ ಶುದ್ಧ ಸೈನ್ ಅಲೆ ಕೊಡದಿದ್ದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದನ್ನೂ ಸಹಿಸಿಕೊಳ್ಳಬೇಕು.

ಬ್ಯಾಟರಿಯನ್ನು ದೊಡ್ಡದು ಮಾಡಬೇಡಿ, ಆಂಪ್ಲಿಫೈಯರನ್ನೇ ಬದಲಿಸಿ. ಟಿಪಿಎ3116 ಚಿಪ್ ಇರುವ ಕ್ಲಾಸ್ ಡಿ (ಕರೆಂಟನ್ನು ವೇಗವಾಗಿ ಹಚ್ಚಿ ಆರಿಸಿ, ಕಡಿಮೆ ಶಕ್ತಿ ಪೋಲು ಮಾಡುವ ವಿನ್ಯಾಸ) ಬೋರ್ಡ್ ನೇರವಾಗಿ 12 ವೋಲ್ಟ್‌ನಲ್ಲಿ ನಡೆಯುತ್ತದೆ. ಸಾಧಾರಣ ದನಿಯಲ್ಲಿ ಕೇಳಿದರೆ ಒಟ್ಟು ಖರ್ಚು ಸುಮಾರು 5 ವ್ಯಾಟ್. ಅದೇ ಬ್ಯಾಟರಿ ಎಂಟು ಗಂಟೆ ಬರುತ್ತದೆ.

ಪ್ರಶ್ನೆ: ಆದರೆ 12 ವೋಲ್ಟ್‌ನಿಂದ ಎಷ್ಟು ವ್ಯಾಟ್ ಹೊರಟೀತು? ನನ್ನ ಸ್ಪೀಕರ್ 8 ಓಮ್‌ನವು.

ಉತ್ತರ: ಆದರ್ಶ ಲೆಕ್ಕದಲ್ಲಿ ಚಾನೆಲ್‌ಗೆ 9 ವ್ಯಾಟ್, ವಾಸ್ತವದಲ್ಲಿ ಏಳೋ ಎಂಟೋ. ಕೇಳಿ ನಿರಾಶರಾಗಬೇಡಿ. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿಗೆ 8 ವ್ಯಾಟ್ ಹಾಕಿದರೆ 96 ಡೆಸಿಬೆಲ್. ಕೋಣೆಯಲ್ಲಿ ಮಾತು ಕೇಳಿಸದಷ್ಟು ಜೋರು ಅದು. 24 ವೋಲ್ಟ್‌ಗೆ ಹೋದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಆದರೆ ಕಿವಿಗೆ ಸಿಗುವುದು 6 ಡೆಸಿಬೆಲ್ ಮಾತ್ರ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ಎರಡು ಲೆಡ್-ಆಸಿಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಚಾರ್ಜರನ್ನೂ ಸದಾ ಹಚ್ಚಿಟ್ಟರೆ?

ಉತ್ತರ: ಬೋರ್ಡು ಸುಡುವುದು ಸಾಮಾನ್ಯವಾಗಿ ಇಲ್ಲಿಯೇ. 24 ಎಂಬುದು ಹೆಸರಿಗಷ್ಟೇ. ಚಾರ್ಜ್ ಆಗುವಾಗ ಆ ಜೋಡಿ 28.8 ವೋಲ್ಟ್ ಮುಟ್ಟುತ್ತದೆ. ಟಿಪಿಎ3116 ಚಿಪ್‌ಗೆ ಹೇಳಿದ ಮಿತಿ 26. ಏಳು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಸರಣಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಸಾಧಾರಣ 22.4, ಪೂರ್ತಿ ತುಂಬಿದಾಗ 25.55 ವೋಲ್ಟ್. ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಸರ್ಕ್ಯೂಟ್ ಇಲ್ಲದೆ ಮಾತ್ರ ಮುಟ್ಟಬೇಡಿ. ಇನ್ನು ಚಾರ್ಜರಿನ ವಿಷಯ: ಕೇಳುವಾಗ ಅದನ್ನು ಕಳಚಿಡಿ. ಸ್ವಿಚಿಂಗ್ ಚಾರ್ಜರಿನ ವಿದ್ಯುತ್ ಗದ್ದಲವೂ ಹಾಡಿಗೆ ಸೇರಿದರೆ ನಿಶ್ಶಬ್ದ ಬ್ಯಾಟರಿಯ ಲಾಭವೇನು ಉಳಿಯಿತು?

ಪ್ರಶ್ನೆ: ನಾನು ಈಗಾಗಲೇ ಕ್ಲಾಸ್ ಡಿ ಬೋರ್ಡ್ ಬಳಸುತ್ತಿದ್ದೇನೆ. ಅದೇ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡುತ್ತಾ, ಆ ಮೊಬೈಲಿನಿಂದಲೇ ತಂತಿಯ ಮೂಲಕ ಹಾಡು ಹಾಕಿದರೆ ಕೀರಲು ದನಿ ಬರುತ್ತದೆ. ಬೋರ್ಡ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಅದು ಗ್ರೌಂಡ್ ಲೂಪ್. ಚಾರ್ಜಿಂಗ್ ಕರೆಂಟಿನ ಒಂದು ಪಾಲು ಆಡಿಯೊ ತಂತಿಯ ಗ್ರೌಂಡಿನ ಮೂಲಕ ಮರಳುತ್ತಿದೆ. ಚಾರ್ಜಿಂಗ್ ತಂತಿ ಕಿತ್ತು ನೋಡಿ, ದನಿ ನಿಲ್ಲುತ್ತದೆ. ಎರಡೂ ಬೇಕೆಂದರೆ ಬ್ಯಾಟರಿಗೂ ಮೊಬೈಲಿಗೂ ಮಧ್ಯೆ ಐಸೊಲೇಟೆಡ್ (ಒಳಬರುವ, ಹೊರಹೋಗುವ ಗ್ರೌಂಡ್‌ಗಳು ಒಂದಕ್ಕೊಂದು ತಾಗದ) ಡಿಸಿ-ಡಿಸಿ ಪರಿವರ್ತಕ ಹಾಕಿ. ಐಸೊಲೇಟೆಡ್ ಅಲ್ಲದ ಅಗ್ಗದ ಮಾಡ್ಯೂಲ್‌ನಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಬ್ಯಾಟರಿಯಲ್ಲಿ ಸಂಗೀತ ಹೆಚ್ಚು ಶುದ್ಧ ಎನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಮನೆಯ ಮುಖ್ಯ ಲೈನಿನಿಂದ ಹಮ್ (ಗುಂಯ್‌ ಎನ್ನುವ ಸದ್ದು) ಬರುತ್ತಿದ್ದರೆ ನಿಜ. ಈಗಾಗಲೇ ನಿಶ್ಶಬ್ದವಾಗಿರುವ ಒಳ್ಳೆಯ ಪವರ್ ಸಪ್ಲೈ ಇದ್ದರೆ ವ್ಯತ್ಯಾಸ ಕೇಳಿಸುವುದು ಹೆಚ್ಚಾಗಿ ಮನಸ್ಸಿಗೆ.

ಶುರು ಮಾಡುವವರಿಗೆ ಎರಡು ಮಾತು. ಫ್ಯೂಸನ್ನು ಆಂಪ್ಲಿಫೈಯರ್ ಬಳಿ ಅಲ್ಲ, ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆ ಹಾಕಿ. ಸಣ್ಣ ಬ್ಯಾಟರಿಯೂ ಶಾರ್ಟ್ ಆದರೆ ತಂತಿ ಕೆಂಪಾಗುವಷ್ಟು ಕರೆಂಟ್ ಕೊಡುತ್ತದೆ. ಈ ಬೋರ್ಡ್‌ಗಳ ಔಟ್‌ಪುಟ್ ಬ್ರಿಜ್ ಮಾದರಿಯದು (ಸ್ಪೀಕರಿನ ಎರಡೂ ತಂತಿಗಳನ್ನು ಆಂಪ್ಲಿಫೈಯರ್ ಚಾಲಿಸುತ್ತದೆ), ಆದ್ದರಿಂದ ಸ್ಪೀಕರಿನ ಮೈನಸ್ ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಎಂದೂ ಸೇರಿಸಬೇಡಿ.