ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಮಾಡಿದರೆ ನಿಜವಾಗಿ ಕೈಗೆ ಏನು ಹತ್ತುತ್ತದೆ?

ನೈಟ್‌ಡ್ಯೂಟಿ_ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ ರೀ. ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ಆಯಿತು, ಮೂರು ವರ್ಷದಿಂದ ಹುಬ್ಬಳ್ಳಿಯ ಒಂದು ಐಸಿಯುನಲ್ಲಿ ಇದ್ದೇನೆ. ಈಗ ಮುಂದೆ ಓದಬೇಕು. ಮನೆಯಲ್ಲಿ ಎಂಎಸ್ಸಿ ಮಾಡು, ಕಾಲೇಜಿನಲ್ಲಿ ಪಾಠ ಹೇಳಬಹುದು, ರಾತ್ರಿ ಡ್ಯೂಟಿ ತಪ್ಪುತ್ತದೆ ಅನ್ನುತ್ತಾರೆ. ನನಗೆ ಪೇಷಂಟ್ ಹತ್ತಿರವೇ ಇರಬೇಕು, ಅದಕ್ಕೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್, ಅಂದರೆ ಐಸಿಯು ಪೇಷಂಟ್ ಚಿಕಿತ್ಸೆಯ ನಿರ್ಧಾರದಲ್ಲೂ ಕೈಜೋಡಿಸುವ ನರ್ಸ್ ಆಗುವ ಕೋರ್ಸ್ ಕಡೆ ಮನಸ್ಸು. ಆದರೆ ಸಿಲಬಸ್ ತೆಗೆದರೆ ಎಲ್ಲಿ ನೋಡಿದರೂ ಕಾಂಪಿಟೆನ್ಸಿ, ಕಾಂಪಿಟೆನ್ಸಿ. ಕೆಲಸ ಮಾಡಿ ತೋರಿಸುವ ಆ ಸಾಮರ್ಥ್ಯ ನಿಜವಾಗಿ ಬರುತ್ತದಾ, ಅಥವಾ ಸುಮ್ನೆ ಕಾಗದದ ಮೇಲಾ? ಬಿಎಸ್ಸಿಯಲ್ಲಿ, ಮಾಡಿದ ಕೆಲಸಕ್ಕೆ ಟೀಚರ್ ಸಹಿ ಹಾಕಿಸುವ ಲಾಗ್‌ಬುಕ್ ಹೇಗೆ ತುಂಬಿದೆವು ಅಂತ ನಮಗೇ ಗೊತ್ತು. ಪರೀಕ್ಷೆಗೆ ಎರಡು ದಿನ ಇರುವಾಗ, ಒಂದೇ ಪೆನ್ನು, ನಲವತ್ತು ಸಹಿ.

ಧಾರವಾಡ_ಟೀಚರ್:
ಲಾಗ್‌ಬುಕ್ ಮಾತು ಓದಿ ನಗು ಬಂತಮ್ಮ, ಸಹಿ ಮಾಡಿದವರಲ್ಲಿ ನಾನೂ ಒಬ್ಬಳು.

ಎರಡೂ ಎರಡು ವರ್ಷದ ಕೋರ್ಸೇ, ಆದರೆ ದಾರಿ ಬೇರೆ. ಎಂಎಸ್ಸಿಯಲ್ಲಿ ಥೀಸಿಸ್, ಪಾಠ ಮಾಡುವುದು, ಆಡಳಿತ ಇದಕ್ಕೆಲ್ಲ ಜಾಸ್ತಿ ಸಮಯ ಹೋಗುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ರೆಸಿಡೆನ್ಸಿ ತರಹ, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವುದು. ಥಿಯರಿ ಶೇಕಡಾ 20ರ ಆಸುಪಾಸು, ಉಳಿದದ್ದು ಬಹುಪಾಲು ಐಸಿಯುನಲ್ಲೇ. ಅಡ್ವಾನ್ಸ್ಡ್ ಪ್ಯಾಥೋಫಿಸಿಯಾಲಜಿ (ರೋಗ ಬಂದಾಗ ದೇಹದೊಳಗೆ ಏನಾಗುತ್ತದೆ), ಫಾರ್ಮಕಾಲಜಿ (ಔಷಧಿ ಹೇಗೆ ಕೆಲಸ ಮಾಡುತ್ತದೆ), ಹೆಲ್ತ್ ಅಸೆಸ್‌ಮೆಂಟ್ (ಪೇಷಂಟ್‌ನ ಪರೀಕ್ಷಿಸುವುದು) ಈ ಮೂರೂ ಗಟ್ಟಿ ಇದ್ದರೆ ಮಾತ್ರ ಮುಂದಿನದು ತಲೆಗೆ ಹೋಗುತ್ತದೆ. ಮುಗಿಸಿದವರು ಆಸ್ಪತ್ರೆ ಬರೆದಿಟ್ಟ ಪ್ರೋಟೋಕಾಲ್ ಪ್ರಕಾರ ಪೇಷಂಟ್‌ಗೆ ಟೆಸ್ಟ್ ಬರೆದುಕೊಡಬಹುದು, ಔಷಧಿ ಕೊಡಬಹುದು. ಪ್ರೋಟೋಕಾಲ್ ಅನ್ನುವ ಪದ ಮರೆಯಬೇಡ, ಸ್ವಂತ ಕ್ಲಿನಿಕ್ ಹಾಕಲು ಇದು ಲೈಸೆನ್ಸ್ ಅಲ್ಲ.

ಗದಗ_ಸಿಸ್ಟರ್:
ಮೇಡಂ ಹೇಳಿದ್ದು ಸರಿ, ಆದರೆ ಅಷ್ಟಕ್ಕೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ನಾನು ಈ ಕೋರ್ಸ್ ಮಾಡಿದವಳು, ಒಂದು ಕೇಸ್ ಹೇಳುತ್ತೇನೆ.

ರಾತ್ರಿ ಮೂರು ಗಂಟೆಗೆ ಒಬ್ಬ ರೈತನನ್ನು ತಂದರು. ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುವಾಗ ಗಾಳಿ ತಿರುಗಿ ಅಂಗಿಯೆಲ್ಲ ತೊಯ್ದಿತ್ತು. ನಮ್ಮ ರೋಣ, ನವಲಗುಂದ ಕಡೆಯವರಿಗೆ ಇದು ಹೊಸದಲ್ಲ ಬಿಡು. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಸ್ಟಾಫ್ ನರ್ಸ್ ಆಗಿದ್ದಾಗ ಇಂಥ ಕೇಸ್ ಎಷ್ಟೋ ನೋಡಿದ್ದೆ. ಡಾಕ್ಟರ್ ಹೇಳಿದಷ್ಟು ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಔಷಧಿ) ಹಾಕುವುದು, ಟಾರ್ಚ್ ಹಿಡಿದು ಕಣ್ಣಿನ ಪಾಪೆ ಹಿಗ್ಗಿತಾ ಅಂತ ನೋಡುವುದು, ಚಾರ್ಟ್‌ನಲ್ಲಿ ಬರೆಯುವುದು. ಆವತ್ತೂ ಟಾರ್ಚ್ ತೆಗೆದೆ. ವಾರ್ಡ್‌ನಲ್ಲಿ ಜೊತೆಗಿದ್ದು ಕಲಿಸುವ ಪ್ರಿಸೆಪ್ಟರ್ ಪಕ್ಕದಲ್ಲೇ ನಿಂತಿದ್ದರು, ‘ಪಾಪೆ ಆಮೇಲೆ ನೋಡು, ಎದೆ ಒಣಗಿತಾ? ಸ್ಟೆತ್ ಇಡು’ ಅಂದರು. ಪಾಪೆ ನಂಬಿ ಡೋಸ್ ನಿಲ್ಲಿಸಿದರೆ ಎದೆಯ ನೀರು ಹಾಗೇ ಇರಬಹುದು. ಎದೆ, ನಾಡಿ, ಬಿಪಿ ನೋಡಿ ಮುಂದಿನ ಡೋಸ್ ಎಷ್ಟು ಅಂತ ನನ್ನ ಬಾಯಿಂದಲೇ ಹೇಳಿಸಿದರು, ಯಾಕೆ ಅಂತಲೂ ಕೇಳಿದರು. ಆಮೇಲೆ, ಅಂಗಿ ಬಿಚ್ಚಿಸಿ ಮೈ ತೊಳೆಸಿದಿರಾ ಅಂತ. ನಾವು ತೊಳೆಸಿರಲಿಲ್ಲ. ಇಂದಿಗೂ ಆ ಎಣ್ಣೆಯ ವಾಸನೆ ಮೂಗಲ್ಲಿದೆ.

ಕಾಂಪಿಟೆನ್ಸಿ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಕೈಕೆಲಸ ನಿನಗೆ ಈಗಾಗಲೇ ಬರುತ್ತದೆ, ಅಲ್ವಾ?

ಡೆನ್ವರ್_ಹುಡುಗಿ:
ನಮ್ಮೂರು ಹಾವೇರಿ, ಈಗ ಅಮೆರಿಕದಲ್ಲಿ ಓದುತ್ತಿದ್ದೇನೆ. ನರ್ಸ್ ಪ್ರಾಕ್ಟೀಷನರ್ ಅನ್ನುವ ಈ ಕೆಲಸ ಶುರುವಾದದ್ದೇ ಇಲ್ಲಿ ಕೊಲರಾಡೊದಲ್ಲಿ, 1965ರಲ್ಲಿ, ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್ ಮತ್ತು ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್ ಸೇರಿ. ಮೇಡಂ ಹೇಳಿದ ಆ ಮೂರು ಸಬ್ಜೆಕ್ಟ್ ಇಲ್ಲಿಯೂ ಬುನಾದಿ. ಪೇಷಂಟ್ ನೋಡುವ ಗಂಟೆ ಮೊದಲು ಕನಿಷ್ಠ 500 ಇತ್ತು, 2022ರ ಮಾನದಂಡದಲ್ಲಿ 750 ಮಾಡಿದರು. ತರಬೇತಿಯ ಬೊಂಬೆ ಮೇಲೆ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಡಿಗ್ರಿ ಆದ ಮೇಲೆ ಸರ್ಟಿಫಿಕೇಶನ್ ಪರೀಕ್ಷೆ ಬೇರೆ. ಇಷ್ಟಾದರೂ ಕೆಲವು ರಾಜ್ಯಗಳಲ್ಲಿ ಸ್ವತಂತ್ರವಾಗಿ ನೋಡಬಹುದು, ಕೆಲವು ಕಡೆ ಡಾಕ್ಟರ್ ಜೊತೆ ಒಪ್ಪಂದ ಬೇಕು. ಗಂಟೆ ಲೆಕ್ಕದಲ್ಲಿ ನಿಮ್ಮ ಕೋರ್ಸ್ ಕಡಿಮೆಯೇನಲ್ಲ.

ಹಾವೇರಿ_ಸಿಎಚ್‌ಒ:
ಎಲ್ಲ ಚೆಂದ ರೀ. ಆದರೆ ಓದಿ ಬಂದ ಮೇಲೆ? ನನ್ನ ಗೆಳತಿ ಕೋರ್ಸ್ ಮುಗಿಸಿ ಒಂದು ಆಸ್ಪತ್ರೆಗೆ ಸೇರಿದಳು, ಆ ಹೆಸರಿನ ಹುದ್ದೆಯೇ ಅಲ್ಲಿ ಇರಲಿಲ್ಲ. ಪ್ರೋಟೋಕಾಲ್ ಬರೆದಿಟ್ಟಿದ್ದರೆ ತಾನೇ ಅದರ ಪ್ರಕಾರ ಮಾಡುವುದು? ಮತ್ತೆ ಅದೇ ಸ್ಟಾಫ್ ನರ್ಸ್ ಕೆಲಸ, ಸಂಬಳ ಸ್ವಲ್ಪ ಜಾಸ್ತಿ. ಸೇರುವ ಮುಂಚೆ ಇದನ್ನೂ ವಿಚಾರಿಸಿ ತಂಗಿ.

ನೈಟ್‌ಡ್ಯೂಟಿ_ಹುಬ್ಬಳ್ಳಿ:
ಗದಗದ ಅಕ್ಕಾ, ನಿಮ್ಮ ಕೇಸ್ ಎರಡು ಸಲ ಓದಿದೆ. ನಾನೂ ಇವತ್ತಿನವರೆಗೆ ಟಾರ್ಚೇ ಹಿಡಿಯುತ್ತಿದ್ದೆ. ಕೋರ್ಸ್ ಇರುವ ಎರಡು ಕಾಲೇಜಿಗೆ ಸೋಮವಾರ ಫೋನ್ ಮಾಡುತ್ತೇನೆ. ಪ್ರಿಸೆಪ್ಟರ್ ಯಾರು, ಓದಿದವರು ಈಗ ಯಾವ ಹುದ್ದೆಯಲ್ಲಿ ಇದ್ದಾರೆ, ಇವೆರಡು ಕೇಳಿದರೆ ಸಾಕಾ?

ಗದಗ_ಸಿಸ್ಟರ್:
ರಾತ್ರಿ ಡ್ಯೂಟಿಗೆ ಪ್ರಿಸೆಪ್ಟರ್ ಇರುತ್ತಾರಾ ಅಂತಲೂ ಕೇಳು. ಹಗಲು ಎಲ್ಲರೂ ಇರುತ್ತಾರೆ.